ಯಾರು ಹೊಡೀತಿದ್ದಾರೆ ಮಗಾ?

ಆಗೆಲ್ಲ ನಮ್ಮ ಮನೆಯಲ್ಲಿ ಸಕಲ ಕಾಯಿಲೆಗಳಿಗೂ ಒಂದೇ ಹೆಸರು: ಗ್ಯಾಸ್. ತಲೆನೋವು ಗ್ಯಾಸಿನಿಂದ, ಸೊಂಟ ಹಿಡಿದದ್ದು ಗ್ಯಾಸಿನಿಂದ, ಲೆಕ್ಕದ ಪರೀಕ್ಷೆಯಲ್ಲಿ ನನಗೆ ಅಂಕ ಕಡಿಮೆ ಬಂದದ್ದೂ ಹಿಂದಿನ ದಿನ ತಿಂದ ಆಲೂಗಡ್ಡೆಯ ಗ್ಯಾಸಿನಿಂದ. ಉಡುಪಿ ಕಡೆಯಿಂದ ಬಂದ ನನ್ನ ಅಮ್ಮನಿಗೂ ಕೋಲ್ಕತ್ತಾದ ನಮ್ಮ ಓಣಿಯವರಿಗೂ ಬೇರೆ ಯಾವ ವಿಷಯದಲ್ಲೂ ಹೊಂದಾಣಿಕೆ ಇರಲಿಲ್ಲ, ಇದೊಂದರಲ್ಲಿ ಮಾತ್ರ ಪೂರ್ತಿ ಒಮ್ಮತ. ಅಮ್ಮ ಜೀರಿಗೆ ಕಷಾಯ ಕುದಿಸುತ್ತಿದ್ದಳು, ಪಕ್ಕದ ಮನೆಯವರು ಓಮದ ಕಾಳು ತಂದುಕೊಡುತ್ತಿದ್ದರು. ಹಾಗಾಗಿ ಹದಿನೇಳನೆಯ ವಯಸ್ಸಿನಲ್ಲಿ ನನ್ನ ಎದೆ ಕಾರಣವಿಲ್ಲದೆ ಹೊಡೆದುಕೊಳ್ಳಲು ಶುರುವಾದಾಗ ನಾನೂ ಅದನ್ನು ಗ್ಯಾಸ್ ಎಂದೇ ನಂಬಿದ್ದೆ.

ಬಾಲಿಗಂಜ್ ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿ ಅಪ್ಪನ ಹೋಟೆಲು. ಮೇಲಿನ ಎರಡು ಕೋಣೆಗಳೇ ನಮ್ಮ ಮನೆ. ದೋಸೆಕಲ್ಲಿಗೆ ಅರ್ಧ ಈರುಳ್ಳಿ ತಿಕ್ಕುವ ವಾಸನೆ, ಸಾಂಬಾರಿನ ಇಂಗು, ಮಳೆಗಾಲದಲ್ಲಿ ಉದ್ದಿನ ಹಿಟ್ಟಿನ ಹುಳಿ, ಎಲ್ಲವೂ ಮೆಟ್ಟಿಲು ಹತ್ತಿ ಬಂದು ನಮ್ಮ ಪರದೆಗಳಲ್ಲಿ, ನನ್ನ ಶಾಲೆಯ ಅಂಗಿಯಲ್ಲಿ ಕೂತುಬಿಡುತ್ತಿದ್ದವು. ಬೆಂಚಿನಲ್ಲಿ ಪಕ್ಕದಲ್ಲಿ ಕೂರುವವಳು ನನ್ನ ತೋಳು ಮೂಸಿ, ಇವತ್ತು ನಿಮ್ಮಲ್ಲಿ ರವಾದೋಸೆಯಾ ಎಂದು ಕೇಳುತ್ತಿದ್ದಳು. ಅವಳು ಹೇಳಿದ್ದು ಹೆಚ್ಚಿನ ದಿನ ಸರಿಯಾಗಿಯೇ ಇರುತ್ತಿತ್ತು.

ಸಂಜೆ ತಾರಸಿಯ ಮೇಲೆ ನಾವು ಓಣಿಯ ಹುಡುಗಿಯರು ಎಕ್ಕಾ-ದೊಕ್ಕಾ ಆಡುತ್ತಿದ್ದೆವು. ಅದು ನಮ್ಮ ಕುಂಟಾಬಿಲ್ಲೆಯೇ, ಇವರು ಹೆಸರು ಬದಲಿಸಿದ್ದಾರೆ ಅಷ್ಟೆ ಎಂಬುದು ಅಮ್ಮನ ದೂರು. ಉಳಿದವರ ಬಿಲ್ಲೆಗಳೆಲ್ಲ ಒಡೆದ ಮಣ್ಣಿನ ಚಹಾ ಕುಡಿಕೆಯ ಚೂರುಗಳು. ನನ್ನದು ಮಾತ್ರ ಕಲ್ಲು, ಒಂದು ರಜೆಯಲ್ಲಿ ಊರಿನ ಕಡಲ ತೀರದಿಂದ ಹೆಕ್ಕಿ ತಂದ ಚಪ್ಪಟೆ ಕರಿಕಲ್ಲು. ಕೋಲ್ಕತ್ತಾದಲ್ಲಿ ಎಲ್ಲಿ ಅಗೆದರೂ ನದಿ ತಂದು ಹಾಕಿದ ಹೂಳು, ಕಲ್ಲೆಂಬುದು ಸಿಗುವುದಿಲ್ಲ. ಈ ಕಲ್ಲು ಎಲ್ಲಿ ಹುಟ್ಟಿತು, ಯಾಕೆ ಕಪ್ಪಾಯಿತು ಎಂದು ನಾನು ಎಲ್ಲರ ತಲೆ ತಿನ್ನುತ್ತಿದ್ದೆ. ಆ ಹುಚ್ಚೇ ಮುಂದೆ ಭೂವಿಜ್ಞಾನ ಓದಬೇಕೆಂಬ ಹಟವಾಯಿತು.

ಹನ್ನೆರಡನೆಯ ತರಗತಿ ಮುಗಿದ ಬೇಸಿಗೆಯಲ್ಲಿ ನನ್ನ ಮುಂದೆ ಎರಡು ಕಾಲೇಜುಗಳಿದ್ದವು. ಒಂದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಅಲ್ಲಿ ಕಾಮರ್ಸ್ ಸೀಟು. ಇನ್ನೊಂದು ಮೈಸೂರಿನಲ್ಲಿ, ಅಲ್ಲಿ ನನ್ನ ಕಲ್ಲುಗಳು. ಜೂನ್ ಮುಗಿಯುವುದರೊಳಗೆ ಯಾವುದೆಂದು ಹೇಳಬೇಕಿತ್ತು. ಕೇಳಿದವರಿಗೆಲ್ಲ ಮೈಸೂರು ಎನ್ನುತ್ತಿದ್ದೆ. ಹಾಗೆಂದ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು, ಬೆರಳುಗಳು ತಣ್ಣಗಾಗುತ್ತಿದ್ದವು. ಇಡ್ಲಿ ಮಾರುವವರ ಮಗಳಿಗೆ ಒಂದು ತುಂಡು ಇಡ್ಲಿ ನುಂಗಲು ಆಗುತ್ತಿರಲಿಲ್ಲ.

ತಾರಸಿಯ ಆಟ ಆ ಹೊತ್ತಿಗೆ ನಿಂತುಹೋಗಿತ್ತು. ಗೆಳತಿಯರೆಲ್ಲ ಕೋಚಿಂಗ್ ಕ್ಲಾಸಿಗೆ ಚದುರಿದ್ದರು. ನಾನೊಬ್ಬಳೇ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತು, ಲೋಕಲ್ ಟ್ರೇನುಗಳು ಜನರನ್ನು ಇಳಿಸಿ ಹತ್ತಿಸಿಕೊಂಡು ಹೋಗುವುದನ್ನು ನೋಡುತ್ತಿದ್ದೆ. ಬಾಗಿಲಲ್ಲಿ ಜೋತುಬಿದ್ದು ಹೋಗುವವರಿಗೂ ಏನೂ ಆಗುತ್ತಿರಲಿಲ್ಲ. ಇದ್ದಲ್ಲೇ ಕೂತ ನನಗೆ ಮಾತ್ರ ಯಾಕೆ ಹೀಗೆ ಎಂದು ತಿಳಿಯುತ್ತಿರಲಿಲ್ಲ. ಹೇಳಿಕೊಳ್ಳಲು ಭಾಷೆಯೂ ಇರಲಿಲ್ಲ. ನನ್ನ ಬಂಗಾಳಿ, ಇಂಗ್ಲಿಷ್ ಅಪ್ಪ ಅಮ್ಮನ ಒಳಗೆ ಇಳಿಯುತ್ತಿರಲಿಲ್ಲ. ಮನೆಯ ಕನ್ನಡದಲ್ಲಿ ನನಗೆ ಬರುತ್ತಿದ್ದದ್ದು ಊಟಕ್ಕೆ, ನಿದ್ದೆಗೆ, ಜಗಳಕ್ಕೆ ಬೇಕಾದಷ್ಟು ಮಾತು ಮಾತ್ರ. ಅಷ್ಟು ಒಂಟಿತನವನ್ನು ನಾನು ಆಮೇಲೆ ಯಾವ ಊರಿನಲ್ಲೂ ಕಂಡಿಲ್ಲ.

ಕಷಾಯಕ್ಕೆ ಬಗ್ಗದ ಗ್ಯಾಸ್ ಎಂಬ ಕಾರಣಕ್ಕೆ ಅಮ್ಮ ಒಂದು ದಿನ ನನ್ನನ್ನು ಓಣಿಯ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅಮ್ಮನ ಬಂಗಾಳಿ ತರಕಾರಿ ಅಂಗಡಿಯಲ್ಲಿ ಕಲಿತದ್ದು. ಬದನೆಕಾಯಿ ಚೌಕಾಶಿಗೆ ಸಾಕು, ಮಗಳ ಎದೆಯ ವಿಷಯಕ್ಕೆ ಸಾಲದು. ಮನೆಯಲ್ಲಿ ಅವಳು "ಇವಳ ಎದೆ ಹೊಡ್ಕೊಳ್ತಾ ಉಂಟು" ಅನ್ನುತ್ತಿದ್ದಳಲ್ಲ, ಅದನ್ನೇ ಪದಕ್ಕೆ ಪದ ಬಂಗಾಳಿ ಮಾಡಿ ಡಾಕ್ಟರ ಮುಂದಿಟ್ಟಳು.

"ಬುಕೆ ಮಾರ್ಛೆ, ಡಾಕ್ಟರ್‌ಬಾಬು. ರೋಜ್ ಮಾರ್ಛೆ."

ಬಂಗಾಳಿಯಲ್ಲಿ ಎದೆ ತಾನಾಗಿ ಹೊಡೆದುಕೊಳ್ಳುವುದಿಲ್ಲ, ಅದಕ್ಕೆ ಬೇರೆಯೇ ಮಾತುಂಟು. ಅಮ್ಮ ಹೇಳಿದ್ದರ ಅರ್ಥ, ಯಾರೋ ಇವಳ ಎದೆಗೆ ಹೊಡೆಯುತ್ತಿದ್ದಾರೆ, ದಿನಾ ಹೊಡೆಯುತ್ತಿದ್ದಾರೆ ಎಂದು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಕೆ ಮಾರ್ಛೆ?" ಯಾರು ಹೊಡೆಯುತ್ತಿದ್ದಾರೆ ಎಂಬುದು ಅವರ ಪ್ರಶ್ನೆ.

ಅಮ್ಮನಿಗೆ ಗಡಿಬಿಡಿಯಲ್ಲಿ ಯಾವಾಗ ಎಂದು ಕೇಳಿಸಿರಬೇಕು. ಬೆಳಿಗ್ಗೆ ಜಾಸ್ತಿ, ಇವರಪ್ಪ ಹೋಟೆಲ್ ಬಾಗಿಲು ತೆಗೆಯುವ ಹೊತ್ತಿಗೆ ಎಂದು ತನ್ನ ಬಂಗಾಳಿಯಲ್ಲಿ ವಿವರವಾಗಿ ಹೇಳಿದಳು. ಡಾಕ್ಟರ ಮುಖ ಬಿಗಿಯಿತು. ಅಮ್ಮನನ್ನು ಹೊರಗೆ ಕೂರಲು ಹೇಳಿ, ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: "ಹೆದರಬೇಡ ಮಾ. ನಿನ್ನ ಬಾಬಾ ಹೊಡೆಯುತ್ತಾರಾ?"

ನನ್ನ ಅಪ್ಪ ಜಿರಳೆಯನ್ನೂ ಹೊಡೆಯುವವರಲ್ಲ, ಪೇಪರಿನ ಮೇಲೆ ಹತ್ತಿಸಿಕೊಂಡು "ಹೊರಗೆ ಹೋಗು ಮಾರಾಯ" ಎಂದು ಚರಂಡಿಯವರೆಗೆ ಬಿಟ್ಟು ಬರುವವರು. ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಬಂದ ನಗು ಅದು, ನಿಲ್ಲಿಸಲು ಹೋದರೆ ಅಳುವಾಯಿತು. ಅಳುತ್ತ ಅಳುತ್ತ ಎಲ್ಲವನ್ನೂ ಬಂಗಾಳಿಯಲ್ಲಿ ಹೇಳಿಬಿಟ್ಟೆ. ಅವರು ಗ್ಯಾಸ್ ಎನ್ನಲಿಲ್ಲ. ಇದು ಆತಂಕದ ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ, ಬಹಳ ಮಕ್ಕಳಿಗೆ ಬರುತ್ತದೆ ಎಂದರು. ತಮಗೆ ಪರಿಚಯವಿದ್ದ ಮನೋವೈದ್ಯೆಯ ಬಳಿಗೆ ಕಳಿಸಿದರು. ಅವರ ಬಳಿ ಹೋಗಿ ಬರುತ್ತ ನಾನು ನಿಧಾನವಾಗಿ ಉಸಿರಾಡುವುದನ್ನು ಕಲಿತೆ. ಗ್ಯಾಸ್ ಅಲ್ಲವೆಂದದ್ದಕ್ಕೆ ಅಮ್ಮ ಮಾತ್ರ ಡಾಕ್ಟರ ಮೇಲೆ ಬಹಳ ದಿನ ಮುನಿಸಿಕೊಂಡಿದ್ದಳು.

ಡಾಕ್ಟರ ಬಳಿ ಹೋದ ದಿನ ರಾತ್ರಿ ಈ ಕತೆ ಕೇಳಿ ಅಪ್ಪ ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ನನ್ನನ್ನು ಜೈಲಿಗೆ ಹಾಕ್ಸುದಿತ್ತಲ್ಲ ನೀನು" ಎಂದು ಅಮ್ಮನನ್ನು ಗೋಳುಹೊಯ್ದುಕೊಂಡರು. ಆದರೆ ಮರುದಿನ ಮಧ್ಯಾಹ್ನದ ಊಟದ ಗಿರಾಕಿಗಳೆಲ್ಲ ಹೋದ ಮೇಲೆ, ಶಟರು ಅರ್ಧ ಎಳೆದು, ಚಹಾ ಕುಡಿಕೆ ಹಿಡಿದು ನನ್ನ ಎದುರಿಗೆ ಕೂತಾಗ ಅವರು ನಗುತ್ತಿರಲಿಲ್ಲ.

"ಇವತ್ತು ಯಾರು ಹೊಡೀತಿದ್ದಾರೆ ಮಗಾ?"

ಅವರು ಚಹಾ ಕುಡಿದು ಮುಗಿಸಿದರು. ಆಮೇಲೆ ನನ್ನ ಬಾಯಿಂದ ಬಂತು: "ಹಾಸ್ಟೆಲ್."

"ಹಾಸ್ಟೆಲಿನಲ್ಲಿ ಎಂತ?"

"ರಾತ್ರಿ ನಿಶ್ಶಾಶ್ ಬರ್ಲಿಲ್ಲ ಅಂದ್ರೆ... ನಿಶ್ಶಾಶ್ ಅಂದ್ರೆ ಉಸಿರು. ಬರ್ಲಿಲ್ಲ ಅಂದ್ರೆ ಅಲ್ಲಿ ನಾನು ಯಾರನ್ನ ಎಬ್ಬಿಸುದು?"

ಅಪ್ಪ ಯೋಚಿಸಿದರು. ಸಾಂಬಾರು ಹಳಸಿದೆ ಎಂದು ಗಿರಾಕಿ ದೂರು ಹೇಳಿದರೆ ಒಂದು ಚಮಚ ತಾವೇ ಕುಡಿದು ನೋಡುತ್ತಿದ್ದರು, ನನ್ನ ಮಾತನ್ನೂ ಹಾಗೆಯೇ ರುಚಿ ನೋಡಿದರು. "ಹೌದು. ಅದು ಹೊಡೀತದೆ" ಎಂದರು. ಹೆದರಬೇಡ ಎನ್ನಲಿಲ್ಲ. ನನ್ನನ್ನು ನಂಬಿದರು. ಅಷ್ಟಕ್ಕೇ ನನಗೆ ಹಸಿವಾಯಿತು, ಅಡುಗೆಯವರು ಮುಚ್ಚಿಟ್ಟಿದ್ದ ಮೊಸರನ್ನ ತಿಂದೆ.

ಅಂದಿನಿಂದ ಅದು ನಮ್ಮಿಬ್ಬರ ಮಾತಾಯಿತು. ಒಂದು ದಿನ ಮೈಸೂರಿನ ಕನ್ನಡ ಹೊಡೆಯುತ್ತಿತ್ತು, ನನ್ನ ಅರೆಬರೆ ಕನ್ನಡ ಕೇಳಿ ನಕ್ಕರೆ ಎಂದು. ಇನ್ನೊಂದು ದಿನ ಟ್ರೇನು. ಮತ್ತೊಂದು ದಿನ, ನಾನು ಅಲ್ಲಿರುವಾಗ ಇಲ್ಲಿ ಇವರಿಬ್ಬರಿಗೆ ಏನಾದರೂ ಆದರೆ ಎಂಬ ಯೋಚನೆ. ಅದನ್ನು ಕೇಳಿ ಅಪ್ಪ ಖಾಲಿ ಕುಡಿಕೆಯನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತ ಕೂತರು.

ಜೂನ್ ಮುಗಿಯುತ್ತ ಬಂತು. ಅಮ್ಮ ಒಂದು ಬೆಳಿಗ್ಗೆ ನನಗೆ ಕೇಳಿಸುವಂತೆಯೇ ಹೇಳಿದಳು: "ಸಿಯಾಲ್ದಾ ಸ್ಟೇಷನ್ನಿನವರೆಗೆ ಒಬ್ಬಳೇ ಹೋದವಳಲ್ಲ, ಮೈಸೂರಲ್ಲಿ ಇವಳು ಹೇಗೆ ಇರುದು? ಇಲ್ಲೇ ಓದ್ಲಿ. ಕಲ್ಲು ಕಟ್ಟಿಕೊಂಡು ಎಂತ ಆಗ್ಬೇಕು?" ಅವಳದು ಪ್ರೀತಿಯೇ. ಹೇಳಿದ್ದೂ ನಿಜ, ಅದಕ್ಕೇ ಉರಿಯಿತು. ನಾನು ಇವತ್ತು ಊರಿನ ಇನ್ನೊಂದು ತುದಿಯ ದಕ್ಷಿಣೇಶ್ವರಕ್ಕೆ ಒಬ್ಬಳೇ ಹೋಗಿ ಬರುತ್ತೇನೆ, ಆಗದಿದ್ದರೆ ಕಾಮರ್ಸ್ ಓದುತ್ತೇನೆ ಎಂದುಬಿಟ್ಟೆ. ಅಪ್ಪ ತಲೆ ಎತ್ತಿ ನೋಡಿ, "ಫೋನ್ ಚಾರ್ಜ್ ಉಂಟಾ?" ಎಂದು ಮಾತ್ರ ಕೇಳಿದರು.

ಸಿಯಾಲ್ದಾದವರೆಗೆ ಏನೂ ಆಗಲಿಲ್ಲ. ಅಲ್ಲಿ ಇಳಿದು ಇನ್ನೊಂದು ಟ್ರೇನಿಗಾಗಿ ಉತ್ತರದ ಪ್ಲಾಟ್‌ಫಾರ್ಮುಗಳ ಕಡೆ ನಡೆಯಬೇಕು. ಎದುರಿನಿಂದ ಜನವೋ ಜನ. ನಡುವೆ ಎಲ್ಲೋ ನನ್ನ ಕಾಲು ನಿಂತಿತು. ಕಿವಿಯಲ್ಲಿ ಗುಂಯ್ ಎಂದಿತು. ಲಿಚಿ ಹಣ್ಣಿನ ಬುಟ್ಟಿಗಳ ಪಕ್ಕ ಒಂದು ಕಂಬಕ್ಕೆ ಒರಗಿ ಕುಸಿದು ಕೂತೆ. ಕಲಿತ ಉಸಿರಾಟವೆಲ್ಲ ಮರೆತುಹೋಯಿತು. ಸತ್ತೇಹೋಗುತ್ತೇನೆ ಎಂದುಕೊಂಡು ಅಪ್ಪನಿಗೆ ಫೋನ್ ಮಾಡಿದೆ.

"ಯಾರು ಹೊಡೀತಿದ್ದಾರೆ?"

"ಗೊತ್ತಿಲ್ಲ ಅಪ್ಪ. ಎಲ್ಲರೂ."

ಓಡಿ ಬರುತ್ತೇನೆ ಎನ್ನುತ್ತಾರೆ ಎಂದುಕೊಂಡಿದ್ದೆ. "ಆಯ್ತು. ಫೋನ್ ಇಡ್ಬೇಡ ನೀನು. ನಾನಿದನ್ನು ಇಲ್ಲೇ ಗಲ್ಲಾದ ಮೇಲೆ ಇಟ್ಕೊಳ್ತೇನೆ" ಎಂದರು.

ಊಟದ ಹೊತ್ತು. ಫೋನಿನಲ್ಲಿ ಹೋಟೆಲು ಕೇಳಿಸತೊಡಗಿತು. ಎರಡು ಮಸಾಲೆ, ಒಂದು ಪ್ಲೇನ್ ಎಂದು ಒಳಗೆ ಕೂಗುವುದು, ಸ್ಟೀಲ್ ಲೋಟ ಒಂದಕ್ಕೊಂದು ತಾಗುವುದು, ದೋಸೆಕಲ್ಲಿಗೆ ನೀರು ಚಿಮುಕಿಸಿದಾಗಿನ ಚುಂಯ್, ಯಾರೋ ಇನ್ನೊಂದು ಚಟ್ನಿ ಕೇಳುವುದು. ನಡುನಡುವೆ ಅಪ್ಪನ ದನಿ.

"ಉಂಟಾ?"

"ಉಂಟು."

ಮತ್ತೆ ಗಿರಾಕಿಗಳ ಗದ್ದಲ. ಮತ್ತೆ "ಉಂಟಾ?" ಮತ್ತೆ "ಉಂಟು." ಎಷ್ಟು ಹೊತ್ತಾಯಿತೋ. ಕಣ್ಣು ಬಿಟ್ಟಾಗ ಲಿಚಿ ಮಾರುವ ಹೆಂಗಸು ನನ್ನ ಮಡಿಲಲ್ಲಿ ಎರಡು ಹಣ್ಣು ಇಟ್ಟಿದ್ದಳು. ಎದ್ದು ನಿಂತು, "ಅಪ್ಪ, ಟ್ರೇನ್ ಬಂತು" ಎಂದೆ. "ಹತ್ತು ಹಾಗಾದ್ರೆ" ಎಂದರು.

ದಕ್ಷಿಣೇಶ್ವರದ ಘಾಟಿನ ಮೆಟ್ಟಿಲ ಮೇಲೆ ಕೂತಾಗಲೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಗುಣವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಎದುರಿಗೆ ಗಂಗೆ ಅಗಲವಾಗಿ ಹರಿಯುತ್ತಿತ್ತು, ದೋಣಿ ದಡಕ್ಕೆ ತಾಗುತ್ತಿತ್ತು, ನನ್ನ ಕೈಯಲ್ಲಿ ಎಲೆಯ ದೊನ್ನೆಯ ಬಿಸಿ ಕಚೋರಿ ಇತ್ತು. ಎದೆ ಹೊಡೆದುಕೊಳ್ಳುತ್ತಿದ್ದರೂ ಕಚೋರಿ ಗಂಟಲಲ್ಲಿ ಇಳಿಯಿತು. ಎರಡೂ ಒಟ್ಟಿಗೆ ನಡೆಯಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಮೈಸೂರು ಎಂದೆ. ಅಮ್ಮ ನನ್ನ ಹಾಸ್ಟೆಲಿನ ಉಪ್ಪಿನಕಾಯಿಗೆ ಮಾವು ಹೆಚ್ಚಲು ಕೂತಳು.

ಹೌರಾ ಸ್ಟೇಷನ್ನಿನಲ್ಲಿ ನಾನೂ ಅಮ್ಮನೂ ಟ್ರೇನಿನ ಒಳಗೆ, ಅಪ್ಪ ಹೊರಗೆ. ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬರಲು ಅಮ್ಮ ಹೊರಟಿದ್ದಳು, ಹೋಟೆಲ್ ಮುಚ್ಚುವಂತಿರಲಿಲ್ಲ. ಆ ಕರಿಕಲ್ಲು ನನ್ನ ಕಿಸೆಯಲ್ಲಿತ್ತು. ಅಪ್ಪ ನೀರಿನ ಬಾಟಲಿ ಕೊಟ್ಟರು, ಬಾಳೆಹಣ್ಣು ಕೊಟ್ಟರು, ಕೊಡಲು ಇನ್ನೇನೂ ಉಳಿಯದಾಗ ಕಿಟಕಿಯ ಸರಳು ಹಿಡಿದು ನಿಂತರು. ಸಿಗ್ನಲ್ ಬಿದ್ದಾಗ ಅವರ ಇನ್ನೊಂದು ಕೈ ಅಂಗಿಯ ಮೇಲೆ ಎದೆ ಸವರುತ್ತಿದ್ದುದು ಕಂಡಿತು. ಚೇಷ್ಟೆಗೆಂದೇ ಕೇಳಿದೆ.

"ಯಾರು ಹೊಡೀತಿದ್ದಾರೆ ಅಪ್ಪ?"

ಅವರು ನಗಲಿಲ್ಲ. "ನೀನೇ ಮಾರಾಯ್ತಿ" ಎಂದರು. "ಬೇರೆ ಯಾರು?"

ಟ್ರೇನು ಹೊರಟಿತು. ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದಳು.

ಮೈಸೂರಿನಲ್ಲಿ ನನಗೆ ಹೊಡೆತಗಳೇನೂ ಕಡಿಮೆ ಬೀಳಲಿಲ್ಲ. ಆದರೆ ಫೋನ್ ಮಾಡಿದಾಗಲೆಲ್ಲ ಅದು ಗಲ್ಲಾದ ಮೇಲೆ ಕೂರುತ್ತಿತ್ತು, ದೋಸೆ ಚುಂಯ್ ಎನ್ನುತ್ತಿತ್ತು, ಉಂಟಾ ಎಂದರೆ ಉಂಟು ಎನ್ನುತ್ತಿದ್ದೆ. ಕಲ್ಲುಗಳ ಜೊತೆ ನನ್ನ ಕನ್ನಡವೂ ಅಲ್ಲಿಯೇ ಗಟ್ಟಿಯಾಯಿತು. ಕೊನೆಯ ವರ್ಷ ಅಪ್ಪ ಜ್ವರವೆಂದು ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ.

ಈಗ ನಾನು ಕೆಲಸಕ್ಕಾಗಿ ಮತ್ತೆ ಕೋಲ್ಕತ್ತಾದಲ್ಲೇ ಇದ್ದೇನೆ, ಅದೇ ಎರಡು ಕೋಣೆಗಳಲ್ಲಿ, ಅಮ್ಮನ ಜೊತೆ. ಕೆಳಗೆ ಮೊಬೈಲ್ ಅಂಗಡಿ ಬಂದಿದೆ, ಪರದೆಗಳಲ್ಲಿ ಸೋಪಿನ ವಾಸನೆ ಮಾತ್ರ ಇದೆ. ದಕ್ಷಿಣೇಶ್ವರಕ್ಕೆ ಮೆಟ್ರೋ ಬಂದಿದೆ, ಸಿಯಾಲ್ದಾದ ಆ ಜನಜಂಗುಳಿಯನ್ನು ಹಾಯಬೇಕಾಗಿಲ್ಲ. ಒಬ್ಬಳೇ ಎಷ್ಟೋ ಊರು, ಎಷ್ಟೋ ಬೆಟ್ಟ ಸುತ್ತಿ ಬಂದಿದ್ದೇನೆ. ಆದರೂ ಕೆಲವು ಮಧ್ಯಾಹ್ನ, ಹೋಟೆಲಿನ ಶಟರು ಅರ್ಧ ಇಳಿಯುತ್ತಿದ್ದ ಆ ಹೊತ್ತಿಗೆ, ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ. ಅಮ್ಮ ಟೀವಿಯಿಂದ ಮುಖ ತಿರುಗಿಸಿ, "ಗ್ಯಾಸ್ ಆಗಿರ್ಬೇಕು, ಕಷಾಯ ಮಾಡ್ಲಾ?" ಎನ್ನುತ್ತಾಳೆ. ಮಾಡು ಎನ್ನುತ್ತೇನೆ, ಪೂರ್ತಿ ಕುಡಿಯುತ್ತೇನೆ.

ಯಾರು ಹೊಡೀತಿದ್ದಾರೆ ಎಂದು ಕೇಳುವವರು ಈಗ ಯಾರೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನೀವೇ ಅಪ್ಪ, ಬೇರೆ ಯಾರು?