ನಗುವ ಮುಖದ ಮೇಲಿನ ಬೆರಳು

ಮೊನ್ನೆ ಮೆಟ್ರೋದಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿ ಹಸುಗೂಸೊಂದಿತ್ತು. ಸಾಸಿವೆ ಎಣ್ಣೆ ಹಚ್ಚಿ ತೀಡಿದ ಮೈ... ಆ ಘಾಟು ಮೂಗಿಗೆ ಬಡಿದದ್ದೇ ತಡ, ಹೆರಿಗೆ ವಾರ್ಡು ನೆನಪಾಯಿತು, ಅಲ್ಲಿ ನನ್ನನ್ನು ದಡ ಮುಟ್ಟಿಸಿದ, ನನ್ನ ಸಂಶೋಧನೆಯ ಗೈಡ್ ಆಗಿದ್ದ ಮೇಡಂ ನೆನಪಾದರು. ಕೊಬ್ಬರಿ ಎಣ್ಣೆಯಲ್ಲಿ ಬೆಳೆದ ನನಗೆ ಆ ವಾಸನೆ ಮೊದಲು ಸೇರುತ್ತಿರಲಿಲ್ಲ. ಮೇಡಂ ಸೀರೆಗಂತೂ ಅದು ಸದಾ ಅಂಟಿಕೊಂಡಿರುತ್ತಿತ್ತು.

ಆಗ ನಾನು ದೆಹಲಿಯ ಆರ್.ಕೆ.ಪುರಂನಲ್ಲಿ ಅಣ್ಣನ ಕ್ವಾರ್ಟರ್ಸಿನಲ್ಲಿದ್ದುಕೊಂಡು ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೆ. ಸಿಸೇರಿಯನ್ ಆದ ತಾಯಂದಿರ ನೋವು ನನ್ನ ಸಂಶೋಧನೆಯ ವಿಷಯ. ಬರೀ ಅಂಕಿಗಳನ್ನು ನಂಬಬೇಡ, ಮಾತುಕತೆಯನ್ನೂ ಸೇರಿಸಿ ಮಿಶ್ರ ವಿಧಾನದಲ್ಲಿ ಮಾಡು ಎಂದವರು ಮೇಡಂ. ಅವರು ತುಮಕೂರಿನ ಕಡೆಯವರು. ಕ್ಲಾಸಿನಲ್ಲಿ ಇಂಗ್ಲಿಷ್, ವಾರ್ಡಿನಲ್ಲಿ ಹಿಂದಿ, ನನ್ನನ್ನು ಬೈಯಲು ಮಾತ್ರ ಕನ್ನಡ.

ನನ್ನ ಕೈಯಲ್ಲೊಂದು ಕಾರ್ಡು ಇರುತ್ತಿತ್ತು. ಅದರಲ್ಲಿ ಸಾಲಾಗಿ ಮುಖಗಳು, ಈ ತುದಿಯಲ್ಲಿ ನಗುವ ಮುಖ, ಆ ತುದಿಯಲ್ಲಿ ಅಳುವ ಮುಖ. ನಿಮ್ಮ ನೋವು ಎಷ್ಟಿದೆ, ತೋರಿಸಿ ಎಂದು ಕೇಳಿ, ಬೆರಳಿಟ್ಟ ಮುಖಕ್ಕೆ ತಕ್ಕ ಅಂಕಿ ಬರೆದುಕೊಳ್ಳಬೇಕು. ವಾರ್ಡಿನ ನರ್ಸುಗಳು ನೋವಿನ ಔಷಧಿ ಕೊಡುತ್ತಿದ್ದದ್ದೂ ಅಂಥದೇ ಕಾರ್ಡು ನೋಡಿ. ಆಮೇಲೆ ನಾನು ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದೆ.

ಹೆಚ್ಚಿನವರು ಬೆರಳಿಟ್ಟದ್ದು ನಗುವ ಮುಖದ ಮೇಲೆ. ಮಾತಿಗೆ ಕೂತರೆ, ಮಗ್ಗುಲು ಬದಲಿಸಲೂ ಆಗುತ್ತಿಲ್ಲ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪ್ರಬಂಧ. ಒಪ್ಪಿಸುವ ದಿನ ಹತ್ತಿರ ಬಂದಿತ್ತು. ನಾನು ಕೆಲಸಕ್ಕಿದ್ದ ಊರಿನ ಆಸ್ಪತ್ರೆ ಓದಿಗೆಂದು ಕೊಟ್ಟ ರಜೆಯೂ ಮುಗಿಯುತ್ತಿತ್ತು. ಪರೀಕ್ಷಕರು ಇದನ್ನು ತಿರಸ್ಕರಿಸಿದರೆ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ.

"ಮಾತುಕತೆಯ ಭಾಗ ತೆಗೆದುಬಿಡಲಾ ಮೇಡಂ?" ಎಂದೆ.

"ಇಬ್ಬರು ಸಾಕ್ಷಿ ಬೇರೆ ಬೇರೆ ಹೇಳಿದ್ರೆ ಒಬ್ಬರನ್ನ ಮನೆಗೆ ಕಳಿಸ್ತಾರೇನೆ? ಯಾಕೆ ಹೀಗೆ ಅಂತ ಕೇಳ್ಬೇಕು. ಚಲೋ, ನಡಿ."

ವಾರ್ಡಿನಲ್ಲಿ ಹಿಂದಿನ ದಿನ ಹೆತ್ತ ಹುಡುಗಿಯೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಒರಗಿದ್ದಳು. ಕಾರ್ಡು ಹಿಡಿದೆ. ಹಲ್ಲು ಕಚ್ಚಿಕೊಂಡೇ ನಗುವ ಮುಖ ಮುಟ್ಟಿದಳು. ಮೇಡಂ ಅವಳ ತಲೆ ಸವರಿ, ನಿಜ ಹೇಳು ಬೇಟಾ, ಯಾಕೆ ಅದನ್ನೇ ಮುಟ್ಟಿದೆ ಎಂದರು. ಅವಳು ಮೆಲ್ಲಗೆ ಹೇಳಿದಳು, "ಗೋದ್ ಮೇ ಬಚ್ಚಾ ಹೈ ದೀದಿ. ರೋತೇ ಚೆಹರೇ ಪೇ ಉಂಗ್ಲೀ ಕೈಸೇ ರಖೂಂ?"

ಮಗು ಮಡಿಲಲ್ಲಿರುವಾಗ ಅಳುವ ಮುಖ ಮುಟ್ಟುವುದು ಅಪಶಕುನ! ನೋವಾಗುತ್ತದೆ ಎಂದು ಬಾಯಲ್ಲಿ ಹೇಳಬಹುದು, ಬೆರಳು ಮಾತ್ರ ಅಲ್ಲಿಗೆ ಹೋಗಬಾರದು. ನಮ್ಮೂರ ಅಜ್ಜಿಯರೂ ಹೀಗೇ ಯೋಚಿಸುವವರು, ಆದರೂ ನನಗೆ ಹೊಳೆದಿರಲಿಲ್ಲ.

ಮೇಡಂ ಮಗುವನ್ನು ಎತ್ತಿ ತಮ್ಮ ಎದೆಗಾನಿಸಿಕೊಂಡು ಕಿಟಕಿಯ ಕಡೆ ನಡೆದರು. ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಮತ್ತೆ ಕಾರ್ಡು ಹಿಡಿದೆ. ಆ ಹುಡುಗಿಯ ಬೆರಳು ಸೀದಾ ಅಳುವ ಮುಖದ ಮೇಲೆ ಹೋಗಿ ಕೂತಿತು.

ಸಿಸ್ಟರ್ ಬಂದು ಇಂಜೆಕ್ಷನ್ ಕೊಟ್ಟರು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕಾರಿಡಾರಿನಲ್ಲೇ ಅತ್ತುಬಿಟ್ಟೆ. "ಅಳೋದಾದ್ರೆ ಬರೆದು ಮುಗಿಸಿ ಅಳು," ಎಂದರು ಮೇಡಂ. ಅಂಕಿಗೂ ಮಾತಿಗೂ ಇದ್ದ ಆ ಜಗಳವೇ ಪ್ರಬಂಧದ ಮುಖ್ಯ ಅಧ್ಯಾಯವಾಯಿತು. ಪರೀಕ್ಷಕರು ಅದೊಂದನ್ನೇ ಹಿಡಿದು ಕೇಳಿದರು, ಒಪ್ಪಿದರು.

ನಿವೃತ್ತಿಯಾದ ಮೇಲೆ ಮೇಡಂ ತುಮಕೂರಿಗೆ ಹೋದರು. ಹೋಗಿ ನೋಡಬೇಕು, ನೋಡಬೇಕು ಎನ್ನುತ್ತಲೇ ಇದ್ದೆ... ತೀರಿಕೊಂಡ ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ.

ದೆಹಲಿಗೆ ಮರಳಿ ಬಂದು ಈಗ ಅದೇ ಕಾಲೇಜಿನಲ್ಲಿ ನಾನೂ ಗೈಡ್. ನಿನ್ನೆ ಅದೇ ವಾರ್ಡಿನಲ್ಲಿ ನನ್ನ ವಿದ್ಯಾರ್ಥಿನಿ ಕಾರ್ಡು ಹೊರತೆಗೆಯುವ ಮೊದಲು ತಾನಾಗಿಯೇ ಬಾಣಂತಿಯ ಮಗುವನ್ನು ಎತ್ತಿಕೊಂಡಳು. ಯಾರು ಹೇಳಿಕೊಟ್ಟರು ಎಂದೆ.

"ಇಲ್ಲಿ ಎಲ್ರೂ ಹೀಗೇ ಮಾಡ್ತಾರಲ್ವಾ ಮ್ಯಾಮ್?" ಎಂದಳು.