ಮಾಸ್ತರರ ಗಾಡಿಯ ಹಿಂದಿನ ದೀಪ

ಮೊನ್ನೆ ಯಾದಗಿರಿಯ ಗ್ಯಾರೇಜೊಂದರಲ್ಲಿ ನಮ್ಮ ಹಳೇ ಕಾರಿನ ಹಿಂದಿನ ದೀಪ ಬದಲಿಸುತ್ತಿದ್ದರು. ಮೆಕ್ಯಾನಿಕ್ ಕೆಂಪು ಕವಚ ಬಿಚ್ಚಿ ನನ್ನ ಪಕ್ಕದ ಸ್ಟೂಲಿನ ಮೇಲಿಟ್ಟ. ಒಳಗೆ ನೀರು ನಿಂತು ರಬ್ಬರು ಕೊಳೆತಿತ್ತು, ಸುಟ್ಟ ಬಲ್ಬಿನ ಕಮಟು ಅದರಲ್ಲೇ ಉಳಿದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಪುರದ ನಮ್ಮ ಓಣಿ ಕಣ್ಣ ಮುಂದೆ ಬಂತು... ಎದುರು ಮನೆಯ ಮಾಸ್ತರರು, ತಮ್ಮ ಅಂಬಾಸಿಡರಿನ ಹಿಂದೆ ಕುಕ್ಕರುಗಾಲಲ್ಲಿ ಕೂತ ಮಾಸ್ತರರು.

ನಾನು ಮದುವೆಯಾಗಿ ಶಹಾಪುರಕ್ಕೆ ಬಂದಾಗ ಕಾಲುವೆಗೆ ನೀರು ಬಿಟ್ಟು ಬಹಳ ದಿನವಾಗಿರಲಿಲ್ಲ. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳು ನೋಡನೋಡುತ್ತಲೇ ಭತ್ತದ ಗದ್ದೆಗಳಾಗಿದ್ದವು. ಸುಗ್ಗಿ ಬಂತೆಂದರೆ ರಸ್ತೆ ತುಂಬ ಟ್ರ್ಯಾಕ್ಟರು. ಕಾಲುವೆ ಕೆಲಸ ಮುಗಿಸಿ ಊರು ಬಿಟ್ಟ ಗುತ್ತಿಗೆದಾರನೊಬ್ಬನಿಂದ ಮಾಸ್ತರರು ಆ ಕಾರು ಕೊಂಡಿದ್ದರು. ಅದರ ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಬೇಕಿತ್ತು, ಮಳೆ ಬಂದರೆ ಒಳಗೆ ಕೂತವರೂ ಕೊಡೆ ಹಿಡಿಯಬೇಕಿತ್ತು. ಅದ್ಯಾವುದನ್ನೂ ಅವರು ಲಕ್ಷ್ಯಕ್ಕೆ ತರುತ್ತಿರಲಿಲ್ಲ. ಹಿಂದಿನ ಎರಡು ದೀಪಗಳ ಮೇಲೆ ಮಾತ್ರ ಜೀವ ಇಟ್ಟಿದ್ದರು.

ರಜೆಯ ದಿನ ಬೆಳಿಗ್ಗೆ ಕವಚ ಬಿಚ್ಚಿ ಧೂಳು ಒರೆಸುವರು. ಬಲ್ಬು ಕೂರುವ ಜಾಗದ ತುಕ್ಕನ್ನು ಉಜ್ಜುಕಾಗದದಿಂದ ತಿಕ್ಕುವರು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ, ನೀರು ಒಳಹೋಗದಂತೆ ಅಂಚಿಗೆ ಕೂರಿಸುವರು. ಆ ಬಲ್ಬಿಗೆ ಒಳಗೆ ಎರಡು ತಂತಿ. ಒಂದು ಕತ್ತಲಲ್ಲಿ ಸಣ್ಣಗೆ ಉರಿಯಲು, ಇನ್ನೊಂದು ಬ್ರೇಕ್ ಒತ್ತಿದಾಗ ಜೋರಾಗಿ ಹತ್ತಲು. ಎಲ್ಲ ಸರಿಯಾದ ಮೇಲೂ ಒಂದು ಪೀಕಲಾಟ ಉಳಿಯುತ್ತಿತ್ತು. ಒಳಗೆ ಕೂತು ಬ್ರೇಕ್ ಒತ್ತುವವರಿಗೆ ಹಿಂದಿನ ದೀಪ ಕಾಣುವುದಿಲ್ಲವಲ್ಲ!

"ತಂಗಿ, ಜರಾ ಹಿಂದ ನಿಂತು ನೋಡವ್ವಾ," ಎಂದು ನನ್ನನ್ನು ಕರೆಯುವರು. ನಾನು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಬೇಕು. ಹತ್ತಿದೆ ಎಂದು ಒಮ್ಮೆ ಹೇಳಿದರೆ ಸಾಲದು, ಎಡಗಡೆಯದು ಹತ್ತಿತೇ, ಬಲಗಡೆಯದು ಹತ್ತಿತೇ ಎಂದು ಬಿಡಿಸಿ ಬಿಡಿಸಿ ಕೇಳುವರು. ಈ ಮನುಷ್ಯ ಹೆಂಡತಿಯನ್ನೂ ಇಷ್ಟು ಮುದ್ದು ಮಾಡಿರಲಿಕ್ಕಿಲ್ಲ ಎಂದು ನನ್ನ ಗಂಡನ ಮುಂದೆ ಗೊಣಗಿದೆ. ಆಗ ಅವರು ವಿಷಯ ಹೇಳಿದರು.

ಮಾಸ್ತರರು ನನ್ನನ್ನು ತಂಗಿ ಎಂದು ಕರೆದಿದ್ದರಿಂದ ಅವರ ಹೆಂಡತಿ ನನಗೆ ವೈನಿ, ಅಂದರೆ ಅತ್ತಿಗೆ. ವೈನಿಯ ತವರು ಸುರಪುರದ ಹತ್ತಿರದ ದೇವಾಪುರ. ಅವರಿಗಿದ್ದ ಒಬ್ಬನೇ ತಮ್ಮ, ಮುಸ್ಸಂಜೆಯಲ್ಲಿ ಸ್ಕೂಟರಿನಲ್ಲಿ ಬರುವಾಗ, ಸುರಪುರದ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಭತ್ತದ ಟ್ರಾಲಿಗೆ ಹಿಂದಿನಿಂದ ಗುದ್ದಿ ಸತ್ತಿದ್ದ. ಟ್ರಾಲಿಗೆ ದೀಪವಿರಲಿಲ್ಲ. ಅಂದಿನಿಂದ ವೈನಿ ಆ ರಸ್ತೆ ತುಳಿದಿರಲಿಲ್ಲ. ಬಸ್ಸೂ ಬೇಡ, ಕಾರೂ ಬೇಡ. ನಡೆದಾಡುವಷ್ಟು ದಿನ ಅವರ ತಾಯಿಯೇ ಬಂದು ಹೋಗುತ್ತಿದ್ದರಂತೆ, ಈಗ ಹಾಸಿಗೆ ಹಿಡಿದಿದ್ದರು. ವೈನಿಯನ್ನು ಹೇಗಾದರೂ ತಾಯಿಯ ಹತ್ತಿರ ಕರೆದೊಯ್ಯಬೇಕೆಂದೇ ಮಾಸ್ತರರು ಕಾರು ಕೊಂಡಿದ್ದರು. ಇದು ತಿಳಿದ ಮೇಲೆ ನಾನು ರೊಟ್ಟಿ ಸೀದರೂ ತಕರಾರು ಮಾಡಲಿಲ್ಲ.

ಆ ವರ್ಷ ದಸರೆಗೆ ದೇವಾಪುರದಿಂದ ಹೇಳಿಕಳಿಸಿದರು. ಈ ಸಲ ಮಗಳ ಕೈಯಿಂದಲೇ ಬನ್ನಿ ತೆಗೆದುಕೊಳ್ಳಬೇಕು, ಮುಂದಿನ ದಸರೆ ನಾನು ಕಾಣುವುದಿಲ್ಲ ಎಂದು ತಾಯಿ ಅಂದಿದ್ದರು. ನಮ್ಮ ಕಡೆ ದಸರೆಯ ಸಂಜೆ ಬನ್ನಿಯ ಎಲೆಯನ್ನೇ ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲು ಮುಟ್ಟುತ್ತೇವೆ. ವೈನಿ ದಿನವಿಡೀ ಒಳಹೊರಗೆ ಓಡಾಡಿದರು. ಕೊನೆಗೆ ಹೋಗೋಣ ಎಂದರು. ಮಾಸ್ತರರು ಯಾದಗಿರಿಗೆ ಹೋಗಿ ಎರಡೂ ಕಡೆಗೆ ಹೊಸ ಬಲ್ಬು ತಂದರು.

ದಸರೆಯ ಹಿಂದಿನ ದಿನ ಖಂಡೇಪೂಜೆ, ಮನೆಯ ಆಯುಧ ಗಾಡಿಗಳಿಗೆಲ್ಲ ಪೂಜೆ. ಕಾರಿನ ಪೂಜೆ ಮಾಡಿದವರು ವೈನಿ. ಮರುದಿನ ಸಂಜೆ ಇಬ್ಬರೂ ಹೊರಟು ನಿಂತರು. ಮಾಸ್ತರರು ಅಂದು ನನ್ನನ್ನು ಕರೆಯಲಿಲ್ಲ, ವೈನಿಯನ್ನೇ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದರು.

"ಹತ್ತಿಲ್ರಿ," ಎಂದರು ವೈನಿ.

ಮಾಸ್ತರರು ಇಳಿದು ಬಂದು ಕವಚ ಬಿಚ್ಚಿದರು. ಅವರು ಮತ್ತೆ ಒಳಗೆ ಕೂತು ಬ್ರೇಕ್ ಒತ್ತಿದರು, ನಾನು ಹೋಗಿ ಹಿಂದೆ ನಿಂತು ನೋಡಿದೆ. ಬಿಚ್ಚಿದರೆ ಹತ್ತುತ್ತದೆ, ಹಾಕಿದರೆ ಇಲ್ಲ. ವೈನಿ ಬನ್ನಿಯ ಚೀಲವನ್ನು ನಮ್ಮ ಕಟ್ಟೆಯ ಮೇಲೆ ಇಟ್ಟುಬಿಟ್ಟರು. "ನಾ ಒಲ್ಲೆ. ನೀವೊಬ್ರೇ ಹೋಗಿ ಅವ್ವಗ ಕೊಟ್ಟು ಬರ್ರಿ," ಎಂದು ಬಾಗಿಲ ಕಡೆ ತಿರುಗಿದರು.

ಮಾಸ್ತರರು ಕವಚದ ಮೇಲೆ ಬೆರಳಾಡಿಸಿದರು. ಬೆರಳು ಕೆಂಪಾಯಿತು. ಕುಂಕುಮ! ಗಂಡನಿಗೆ ಪ್ರೀತಿಯ ದೀಪವೆಂದು ವೈನಿ ಕುಂಕುಮ ಕಲಸಿ ದಪ್ಪಗೆ, ಎರಡು ಕಡೆಗೂ ಮೆತ್ತಿದ್ದರು. ಕೆಂಪಿನ ಮೇಲೆ ಕೆಂಪು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರಿಗೆ ಏನೂ ಆಗದಿರಲಿ ಎಂದು ಹಚ್ಚಿದ್ದು ಅದು. ಮಾಸ್ತರರ ಕೈಯಲ್ಲಿ ಅರಿವೆ ಇತ್ತು. ಒರೆಸಲಿಲ್ಲ. ಹೆಂಡತಿ ಹಚ್ಚಿದ ಕುಂಕುಮವನ್ನು ಅಳಿಸಲು ಅವರಿಗೆ ಮನಸ್ಸಾಗಲಿಲ್ಲ...

ವೈನಿ ತಿರುಗಿ ಬಂದರು. ಗಂಡನ ಬೆರಳು ನೋಡಿದರು. ಅಂಗಳದ ಕೊಡದಲ್ಲಿ ಸೆರಗಿನ ತುದಿ ಅದ್ದಿ, ಹಬ್ಬದ ಹೊಸ ಸೀರೆ ಎನ್ನುವುದನ್ನೂ ನೋಡದೆ, ಎರಡೂ ದೀಪಗಳನ್ನು ಒರೆಸಿದರು.

"ಈಗ ಒತ್ರಿ."

ಮಾಸ್ತರರು ಓಡಿ ಹೋಗಿ ಒತ್ತಿದರು.

"ಎರಡೂ ಹತ್ತ್ಯಾವ್ರಿ. ನಡೀರಿ ಇನ್ನ," ಎಂದು ಬನ್ನಿಯ ಚೀಲ ಎತ್ತಿಕೊಂಡು ಮುಂದೆ ಹೋಗಿ ಕೂತರು. ಆ ಕೆಂಪು ದೀಪಗಳು ಓಣಿ ದಾಟುವವರೆಗೆ ನಾನು ನಿಂತು ನೋಡಿದೆ. ಯಾಕೋ ಅತ್ತುಬಿಟ್ಟೆ.

ತಾಯಿ ಮಗಳ ಕೈಯಿಂದ ಬನ್ನಿ ತೆಗೆದುಕೊಂಡರು. ಹೇಳಿದಂತೆಯೇ ಮುಂದಿನ ದಸರೆ ಕಾಣಲಿಲ್ಲ. ಆಮೇಲೆ ನನ್ನ ಗಂಡನಿಗೆ ಯಾದಗಿರಿಗೆ ವರ್ಗವಾಯಿತು, ಆ ಕಾರು ಗುಜರಿ ಸೇರಿತು. ಮಾಸ್ತರರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅಷ್ಟು ಹಕ್ಕಿನಿಂದ ನನ್ನನ್ನು ತಂಗಿ ಎಂದು ಕೂಗುವವರು ಆಮೇಲೆ ಸಿಗಲಿಲ್ಲ.

ಗ್ಯಾರೇಜಿನಿಂದ ನೆಟ್ಟಗೆ ಶಹಾಪುರಕ್ಕೆ ಹೋದೆ. ವೈನಿ ಆಗಷ್ಟೇ ದೇವಾಪುರದಿಂದ ಬಸ್ಸಿನಲ್ಲಿ ಬಂದು ಕಾಲು ತೊಳೆಯುತ್ತಿದ್ದರು. ತವರಿನಲ್ಲಿ ಈಗ ಅವರದೆನ್ನುವ ಒಂದು ಜೀವವೂ ಇಲ್ಲ. ಈ ಮೊಣಕಾಲು ನೋವಿನಲ್ಲಿ ಯಾರನ್ನು ನೋಡಲು ಹೋಗುತ್ತೀರಿ ಎಂದೆ.

"ಯಾರನ್ನೂ ಇಲ್ಲವ್ವಾ. ಮೊದ್ಲ ಅದು ನನ್ನ ತಮ್ಮ ಸತ್ತ ದಾರಿ ಇತ್ತು. ಅವ್ರು ಅದನ್ನ ನಾವಿಬ್ರೂ ಕೂಡಿ ಹೋದ ದಾರಿ ಮಾಡಿ ಹೋಗ್ಯಾರ. ಕಿಡಕಿ ಬಾಜೂ ಕುಂತು ಹೋಗಿ ಬರ್ತೀನಿ, ಅಷ್ಟ."

ಮುಂದಿನ ಸಲ ನಾನೂ ಜೊತೆಗೆ ಬರುತ್ತೇನೆ ಎಂದೆ. ವೈನಿ ನಕ್ಕು, ಬೇಡ ಎಂದರು.