ಹೆಸರಿಡದ ಏಡಿ

ಜೇವರ್ಗಿಯ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ದೌಲತರಾಯರ ಕೈಗೆ ಯಾರಾದರೂ ಏಡಿ ಕೊಟ್ಟರೆ ಅವರು ಮೊದಲು ಅದನ್ನು ಅಂಗಾತ ಮಾಡಿ, "ಮಾರಿ ನೋಡೂದು ಬಿಡ್ರಿ, ಹೊಟ್ಟಿ ನೋಡ್ರಿ, ಅಗಲ ಇದ್ರ ಹೆಣ್ಣು" ಎನ್ನುತ್ತಾರೆ. ಮದುವೆಯೂಟಕ್ಕೆ ಕೂತರೂ, ಸಮುದ್ರದ ಏಡಿಯ ಮರಿ ಅಲೆಗಳ ಮೇಲೆ ತೇಲಿ ಊರೂರು ಸುತ್ತುತ್ತದೆ, ಹಳ್ಳದ ಏಡಿಯದು ಮೊಟ್ಟೆಯೊಡೆದಾಗಲೇ ಪುಟ್ಟ ಏಡಿಯಾಗಿ ತಾಯಿಯ ಹೊಟ್ಟೆಯಡಿ ಇರುತ್ತದೆ, ಹುಟ್ಟಿದ ಹಳ್ಳ ಬಿಟ್ಟು ದೂರ ಹೋಗಲಾರದು ಎಂದು ಹೋಳಿಗೆ ಆರುವ ತನಕ ವಿವರಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ನರೋಣಾ ಬಳಿಯ ಹಳ್ಳದಲ್ಲಿ ಅವರಿಗೆ ಸಿಕ್ಕ ಹೆಣ್ಣೇಡಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಏಡಿಯ ಜಾತಿ ಖಚಿತವಾಗುವುದು ಬಲಿತ ಗಂಡಿನ ಹೊಟ್ಟೆಯಡಿಯ ಸಣ್ಣದೊಂದು ಅಂಗದಿಂದ. ಹಾಗಾಗಿ ಹೊಸ ಹೆಸರಿಡಲು ಗಂಡು ಬೇಕಿತ್ತು. ಅಂದಿನಿಂದ ಮಳೆಗಾಲದ ಒಂದು ಭಾನುವಾರವನ್ನೂ ಬಿಡದೆ ಬಸ್ಸು ಹತ್ತಿ ಹೋಗಿ, ಮೊಣಕೈವರೆಗೆ ಬಿಲಗಳಲ್ಲಿ ಕೈ ತೂರಿಸಿ, ಕೆಸರು ಮೆತ್ತಿದ ಅಂಗಿಯಲ್ಲಿ ಬರಿಗೈಯಲ್ಲಿ ಮರಳಿದರು. ಈ ಬೇಸಿಗೆಯಲ್ಲಿ ಹಳ್ಳದ ಎರಡೂ ದಂಡೆಗೆ ಕಾಂಕ್ರೀಟು ಬಿತ್ತು. ಒಂದು ಬಿಲವೂ ಉಳಿಯಲಿಲ್ಲ. ಅದನ್ನು ನೋಡಿ ಬಂದ ಮರುದಿನ ಅವರು ಕಪಾಟಿನಿಂದ ಆ ಹೆಣ್ಣೇಡಿಯ ಸ್ಪಿರಿಟ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. "ಸರ್, ಹೊಟ್ಟಿ ಕೆಳಗ ಜ್ವಾಳದ ಕಾಳಿನಂಗ ಏನೋ ಅಂಟಿಕೊಂಡಾವಲ್ರಿ?" ಎಂದು ವಿದ್ಯಾರ್ಥಿನಿ ವಿದ್ಯಾವತಿ ಬಗ್ಗಿ ನೋಡಿ ಕೇಳಿದಳು. "ಮರಿಗಳು, ಅವ್ವಾ," ಎಂದರು ದೌಲತರಾಯರು. "ಹಿಡಿದಾಗ ಎಲ್ಲಾ ಜೀವಂತ ಇದ್ದವು. ಹಳ್ಳದಾಗ ಇನ್ನೂ ಭಾಳ ಅದಾವ ಅಂತ ತಿಳಕೊಂಡು ತಾಯಿ ಜೋಡಿ ನಾನೇ ಸ್ಪಿರಿಟ್‌ನಾಗ ಮುಳಗಿಸೀನಿ. ಇವುಗಳೊಳಗ ಗಂಡೂ ಇದ್ದವು."